ಎಂಟು ಸಲವೋ, ಒಂಬತ್ತು ಸಲವೋ

ಜ್ಯೂರಿ ಕೋಣೆಯ ಬಿಳಿ ಬೋರ್ಡಿನ ಮೇಲೆ ಲೆಕ್ಕ ಬರೆದವಳು ನಾನು. ಒಂದು ಸಲಕ್ಕೆ ಎರಡು ಔನ್ಸ್ ಮಾದಕವಸ್ತು, ಅಂದರೆ ಸುಮಾರು 56 ಗ್ರಾಂ. ಒಂಬತ್ತು ಸಲಕ್ಕೆ 504. ಮನೆಯಲ್ಲಿ ಸಿಕ್ಕ 40 ಗ್ರಾಂ ಸೇರಿಸಿದರೆ 544. ವಿಮಾ ಕಂಪನಿಯಲ್ಲಿ ಲೆಕ್ಕದ ಕೆಲಸ ಮಾಡುವವಳು ಅಂತ ಎಲ್ಲರೂ ಮಾರ್ಕರನ್ನು ನನ್ನ ಕೈಗೇ ಕೊಟ್ಟಿದ್ದರು. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆ ಲೆಕ್ಕದಿಂದ ಒಬ್ಬ ಹೆಂಗಸಿಗೆ ಕನಿಷ್ಠ ಹತ್ತು ವರ್ಷ ಜೈಲು ಖಾತ್ರಿಯಾಯಿತು ಅಂತ ನನಗೆ ಗೊತ್ತಾಗಿದ್ದು ಅವತ್ತು ರಾತ್ರಿ, ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದಾಗ.

ಇದನ್ನು ಬರೆಯಲೋ ಬೇಡವೋ ಅಂತ ಬಹಳ ದಿನ ಒದ್ದಾಡಿದೆ. ಆಕೆಯ ಗುರುತು ಹತ್ತುವ ವಿವರಗಳನ್ನೆಲ್ಲ ಬಿಟ್ಟಿದ್ದೇನೆ. ನಡೆದ ಕ್ರಮ ಮಾತ್ರ ನಡೆದ ಹಾಗೇ ಇದೆ.

ನಾನು ತಿಪಟೂರಿನವಳು. ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದು ಹದಿನಾರು ವರ್ಷವಾಯಿತು. ಇಲ್ಲಿನ ಪೌರತ್ವ ಸಿಕ್ಕ ಮೇಲೆ ಮತದಾರರ ಪಟ್ಟಿಗೆ ಹೆಸರು ಸೇರಿಸಿದೆ. ಜ್ಯೂರಿಗೆ, ಅಂದರೆ ಆರೋಪಿ ಅಪರಾಧಿಯೋ ಅಲ್ಲವೋ ಅಂತ ಹೇಳುವ ಸಾಮಾನ್ಯ ಜನರ ಗುಂಪಿಗೆ, ಜನರನ್ನು ಆರಿಸಲೂ ಆ ಪಟ್ಟಿಯನ್ನು ಬಳಸುತ್ತಾರೆ. 2024ರ ಬೇಸಿಗೆಯಲ್ಲಿ ಫೆಡರಲ್ ಕೋರ್ಟಿನಿಂದ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ಕೋರ್ಟಿನಿಂದ, ಸಮನ್ಸ್ ಬಂತು. ನಮ್ಮೂರಲ್ಲಿ ಮನೆಗೆ ಕೋರ್ಟಿನ ಕಾಗದ ಬಂದರೆ ಅಮ್ಮ ಮೊದಲು ದೇವರಿಗೆ ದೀಪ ಹಚ್ಚುತ್ತಿದ್ದಳು. ನನಗೂ ಎದೆ ಧಸಕ್ಕೆಂದಿತು. ಆಮೇಲೆ ಓದಿ ನೋಡಿದರೆ, ಅದು ನನ್ನ ಮೇಲಿನ ಕೇಸಲ್ಲ, ನಾನು ತೀರ್ಪು ಹೇಳಲು ಹೋಗಬೇಕಾದ ಕೇಸು.

ಭಾರತದಲ್ಲಿ ಜ್ಯೂರಿ ಪದ್ಧತಿ ಹೋಗಿ ಎಷ್ಟೋ ವರ್ಷವಾಯಿತು. 1959ರ ನಾನಾವತಿ ಪ್ರಕರಣದ ಕಥೆಯಲ್ಲಿ ಮಾತ್ರ ನಾನು ಜ್ಯೂರಿ ಅನ್ನುವ ಮಾತು ಕೇಳಿದ್ದೆ. ಹಾಗಾಗಿ ನನಗೆ ಒಂದು ಥರದ ಹೆಮ್ಮೆಯೂ ಇತ್ತು. ಈ ದೇಶ ನನ್ನನ್ನು ನಂಬಿ ಇಂಥ ಕೆಲಸ ಕೊಡುತ್ತಿದೆಯಲ್ಲ ಅಂತ. ಆ ಹೆಮ್ಮೆ ಈಗಲೂ ಪೂರ್ತಿ ಹೋಗಿಲ್ಲ.

ಅಕ್ಟೋಬರಿನ ಒಂದು ಸೋಮವಾರ ಬೆಳಿಗ್ಗೆ ನಲವತ್ತಕ್ಕೂ ಜಾಸ್ತಿ ಜನ ಕೋರ್ಟಿನಲ್ಲಿ ಸೇರಿದ್ದೆವು. ಜಡ್ಜ್ ಕೇಸಿನ ಬಗ್ಗೆ ಎರಡು ಮಾತು ಹೇಳಿದರು. ಮೆಥಾಂಫೆಟಮಿನ್ ಅನ್ನುವ ಮಾದಕವಸ್ತು ಹಂಚುವ ಒಳಸಂಚು, ಆರೋಪಿ ಒಬ್ಬಳು ಹೆಂಗಸು. ಇಲ್ಲಿ ಜನ ಅದನ್ನು ಸುಮ್ನೆ ಮೆಥ್ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ, ಹತ್ತಿರದವರಲ್ಲಿ ಯಾರಿಗಾದರೂ ಮಾದಕವಸ್ತುವಿನ ಚಟ ಇದೆಯೇ ಅಂತ ಜಡ್ಜ್ ಕೇಳಿದರು. ಅರ್ಧಕ್ಕರ್ಧ ಕೈ ಮೇಲೆ ಹೋದವು. ನನ್ನ ಪಕ್ಕದ ಗಂಡಸು ತನ್ನ ತಮ್ಮ ಫೆಂಟನಿಲ್ ಅನ್ನುವ ಮಾದಕವಸ್ತುವಿನಿಂದ ಸತ್ತ ಅಂತ ಹೇಳಿ ಅತ್ತುಬಿಟ್ಟ. ಅವನನ್ನು ಮನೆಗೆ ಕಳಿಸಿದರು. ಹದಿನಾರು ವರ್ಷ ಈ ಊರಲ್ಲಿದ್ದೂ ಈ ನೋವು ಇಷ್ಟು ಮನೆಗಳಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇಂಥ ಕೇಸುಗಳಲ್ಲಿ ಕಾರಣ ಹೇಳದೆ ಹೆಸರು ತೆಗೆಯುವ ಅವಕಾಶ ಸರ್ಕಾರಿ ವಕೀಲರಿಗೆ ಆರು, ಆರೋಪಿ ಕಡೆಯವರಿಗೆ ಹತ್ತು. ಅದೆಲ್ಲ ಮುಗಿದ ಮೇಲೆ ಹನ್ನೆರಡು ಜನ ಉಳಿದೆವು, ಜೊತೆಗೆ ಇಬ್ಬರು ಬದಲಿ. ದಿನಕ್ಕೆ 50 ಡಾಲರ್ ಭತ್ಯೆ. ಮನೆಗೆ ಹೋಗಿ ಈ ಕೇಸಿನ ಬಗ್ಗೆ ಏನೂ ಹುಡುಕಬಾರದು, ಯಾರ ಹತ್ತಿರವೂ ಮಾತಾಡಬಾರದು ಅಂತ ಜಡ್ಜ್ ಪ್ರತಿ ಸಂಜೆ ಹೇಳಿದರು. ನಾನು ಗಂಡನಿಗೂ ಏನೂ ಹೇಳಲಿಲ್ಲ.

ವಿಚಾರಣೆ ನಾಲ್ಕು ದಿನ ನಡೆಯಿತು. ಆಕೆಗೆ ಮೂವತ್ತೈದರ ಹತ್ತಿರ ವಯಸ್ಸು. ನರ್ಸಿಂಗ್ ಹೋಮ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಇಬ್ಬರು ಮಕ್ಕಳು. ಅವಳ ಜೊತೆಗಾರ ಮೆಥ್ ಮಾರುತ್ತಿದ್ದ. ಅವನಿಗೆ ಲೈಸೆನ್ಸ್ ಇರಲಿಲ್ಲ, ಹಾಗಾಗಿ ಪಕ್ಕದ ರಾಜ್ಯಕ್ಕೆ ಸರಕು ತರಲು ಹೋಗುವಾಗ ಕಾರು ಓಡಿಸುತ್ತಿದ್ದವಳು ಇವಳು. ಎರಡು ಮೂರು ಸಲ ತನ್ನ ಹೆಸರಲ್ಲಿ ಹಣ ಕಳಿಸಿದ್ದಳು. ಮನೆಯ ಅಡುಗೆ ಕಪಾಟಿನಲ್ಲಿ, ಅಕ್ಕಿ ಡಬ್ಬದ ಹಿಂದೆ, ಪೊಲೀಸರಿಗೆ ಪ್ಯಾಕೆಟ್ ಸಿಕ್ಕಿತ್ತು. ಅವಳ ಫೋನಿನ ಮೆಸೇಜುಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. "ಆ ಎರಡು ಅಂಗಿ ತರಬೇಕಾ" ಅಂತ ಒಂದು. ಅಂಗಿ ಅಂದರೆ ಔನ್ಸ್ ಅಂತ ಏಜೆಂಟ್ ವಿವರಿಸಿದ. ಅದರ ಕೆಳಗೇ ಇನ್ನೊಂದು ಮೆಸೇಜು: "ಬರುವಾಗ ಹಾಲು ತಗೊಂಡು ಬಾ." ಹಾಲು ಅಂದರೆ ಹಾಲೇ.

ಒಳಸಂಚು ಅನ್ನುವ ಅಪರಾಧ ನಾನು ಅಂದುಕೊಂಡಂತೆ ಇರಲಿಲ್ಲ. ಕತ್ತಲೆ ಕೋಣೆಯಲ್ಲಿ ನಾಲ್ಕು ಜನ ಕೂತು ಯೋಜನೆ ಹಾಕುವ ದೃಶ್ಯ ನನ್ನ ತಲೆಯಲ್ಲಿತ್ತು. ಜಡ್ಜ್ ಓದಿ ಹೇಳಿದ ಸೂಚನೆಗಳ ಪ್ರಕಾರ ಬರಹದ ಒಪ್ಪಂದ ಬೇಕಿಲ್ಲ, ಬಾಯಿಮಾತಿನ ಒಪ್ಪಂದವೂ ಬೇಕಿಲ್ಲ. ನಡವಳಿಕೆಯಿಂದಲೇ ಒಪ್ಪಿಗೆ ಇತ್ತು ಅಂತ ತಿಳಿಯಬಹುದು. ಗುಂಪಿನ ಎಲ್ಲರ ಪರಿಚಯ ಇರಬೇಕಿಲ್ಲ. ಎಲ್ಲ ವಿವರ ಗೊತ್ತಿರಬೇಕಿಲ್ಲ. ಫೆಡರಲ್ ಮಾದಕವಸ್ತು ಕಾನೂನಿನಲ್ಲಿ, ಆ ಒಪ್ಪಂದದ ದಾರಿಯಲ್ಲಿ ಯಾರಾದರೂ ಒಂದು ಹೆಜ್ಜೆ ಇಟ್ಟರು ಅಂತ ತೋರಿಸುವುದೂ ಬೇಡ, ಒಪ್ಪಿ ಸೇರಿದರೆ ಸಾಕು. ಜೊತೆಯಲ್ಲಿ ಇದ್ದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ ಅಂತಲೂ ಹೇಳಿದರು. ಆದರೆ ಇವಳು ಸುಮ್ನೆ ಜೊತೆಯಲ್ಲಿ ಇದ್ದವಳಲ್ಲ. ಕಾರು ಓಡಿಸಿದ್ದಳು. ಯಾತಕ್ಕೆ ಹೋಗುತ್ತಿದ್ದೇವೆ ಅಂತ ಅವಳಿಗೆ ಗೊತ್ತಿತ್ತು. ಅದನ್ನು ನಾನು ಇವತ್ತಿಗೂ ಅನುಮಾನಿಸುವುದಿಲ್ಲ.

ಮೂರನೇ ದಿನ ಒಬ್ಬ ಸಾಕ್ಷಿ ಬಂದ. ಕಿತ್ತಳೆ ಬಟ್ಟೆ, ಕಾಲಿಗೆ ಸರಪಳಿ. ಇವರಿಗೆಲ್ಲ ಸರಕು ಕೊಡುತ್ತಿದ್ದವನೇ ಅವನು. ಕಿಲೋಗಟ್ಟಲೆ ಮಾರಿದವನು. ತಪ್ಪೊಪ್ಪಿಕೊಂಡು ಸರ್ಕಾರದ ಪರ ಸಾಕ್ಷಿ ಹೇಳಲು ಒಪ್ಪಿದ್ದ. ಇಲ್ಲಿನವರು ಅಂಥವರನ್ನು ಕೋಆಪರೇಟರ್ ಅನ್ನುತ್ತಾರೆ. ಅವನು ಹೇಳಿದ್ದು: "ಅವಳು ಗಾಡಿ ತಗೊಂಡು ಒಂಬತ್ತು ಹತ್ತು ಸಲ ಬಂದಿದ್ದಾಳೆ. ಪ್ರತಿ ಸಲ ಎರಡು ಔನ್ಸ್." ಡಿಫೆನ್ಸ್ ವಕೀಲರು ಕೆದಕಿದರು. ಎಂಟು ಸಲ ಇರಬಹುದಾ? "ಇರಬಹುದು. ನಾನೇನು ಬರೆದಿಟ್ಟುಕೊಂಡಿರಲಿಲ್ಲ" ಅಂದ.

ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. ಈ ಸಾಕ್ಷಿ ಹೇಳದಿದ್ದರೆ ನಿನಗೆ ಎಷ್ಟು ವರ್ಷ ಆಗುತ್ತಿತ್ತು? ಸರ್ಕಾರಿ ವಕೀಲರು ತಟ್ಟನೆ ಎದ್ದು ಆಕ್ಷೇಪ ಹೇಳಿದರು. ಇಬ್ಬರನ್ನೂ ಜಡ್ಜ್ ಹತ್ತಿರ ಕರೆದರು. ನಮಗೆ ಕೇಳಿಸಬಾರದು ಅಂತ ಸ್ಪೀಕರಿನಲ್ಲಿ ಜುಳುಜುಳು ಸದ್ದು ಹಾಕಿದರು. ವಾಪಸ್ ಬಂದು ವಕೀಲರು ಕೇಳಿದ್ದು, "ನಿನಗೆ ಭಾರಿ ಶಿಕ್ಷೆ ಆಗಬಹುದಿತ್ತು, ಅಲ್ವಾ?" "ಹೌದು." ಅಷ್ಟೇ. ಸಂಖ್ಯೆಯನ್ನು ಯಾಕೆ ಮುಚ್ಚಿಟ್ಟರು ಅಂತ ಆಗ ನನಗೆ ಹೊಳೆಯಲಿಲ್ಲ. ಅವನ ಸಂಖ್ಯೆ ಗೊತ್ತಾದರೆ ಅವಳ ಸಂಖ್ಯೆಯೂ ನಮಗೆ ಗೊತ್ತಾಗುತ್ತಿತ್ತು.

ಗುರುವಾರ ಮಧ್ಯಾಹ್ನ ನಮ್ಮನ್ನು ಜ್ಯೂರಿ ಕೋಣೆಗೆ ಕಳಿಸಿದರು. ಅಪರಾಧಿಯೋ ಅಲ್ಲವೋ ಅನ್ನುವುದನ್ನು ತೀರ್ಮಾನಿಸಲು ಮೂರು ಗಂಟೆ ಹಿಡಿಯಿತು. ಒಬ್ಬ ನಿವೃತ್ತ ಬಸ್ ಡ್ರೈವರ್ ಬಹಳ ಹೊತ್ತು ಒಪ್ಪಲಿಲ್ಲ. ಅವಳು ಅವನಿಗೆ ಹೆದರಿ ಓಡಿಸಿರಬಹುದು ಅನ್ನುವುದು ಅವರ ವಾದ. ಮೆಸೇಜುಗಳನ್ನು ಮತ್ತೆ ಓದಿದೆವು. ಹೆದರಿಕೆ ಕಾಣಲಿಲ್ಲ. ಕೊನೆಗೆ ಅವರೂ ಒಪ್ಪಿದರು.

ಆಮೇಲೆ ಫಾರಂನ ಎರಡನೇ ಪುಟ. ಅವಳು ಕೈಜೋಡಿಸಿದ, ಅಥವಾ ಇಷ್ಟಾಗುತ್ತದೆ ಅಂತ ಅವಳಿಗೆ ಅಂದಾಜಿಗೆ ಸಿಗಬಹುದಾಗಿದ್ದ ಮೆಥ್ ಮಿಶ್ರಣದ ಪ್ರಮಾಣ ಎಷ್ಟು? ಮೂರು ಗೆರೆ ಇದ್ದವು. 500 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ. 50ರಿಂದ 500ರೊಳಗೆ. 50ಕ್ಕಿಂತ ಕಡಿಮೆ.

ಆಗ ನಾನು ಬೋರ್ಡಿನ ಹತ್ತಿರ ಹೋದೆ. ಎಂಟು ಸಲ ಅಂದರೆ 448, ಜೊತೆಗೆ 40, ಒಟ್ಟು 488. ಒಂಬತ್ತು ಸಲ ಅಂದರೆ 544. ಎರಡನ್ನೂ ಬರೆದೆ. ಫೋನಿನ ಲೊಕೇಶನ್ ದಾಖಲೆಯಲ್ಲಿ ಏಳು ಪ್ರಯಾಣ ಸ್ಪಷ್ಟವಾಗಿದ್ದವು. ಉಳಿದದ್ದಕ್ಕೆ ಆ ಸಾಕ್ಷಿಯ ಮಾತೇ ಆಧಾರ. ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟಿದ್ದು ಬರೀ 40 ಗ್ರಾಂ. ಉಳಿದ ಮೆಥನ್ನು ಯಾರೂ ತೂಗಿರಲಿಲ್ಲ, ಹಿಡಿದಿರಲಿಲ್ಲ. ಡಿಫೆನ್ಸ್ ವಕೀಲರ ನಡುವೆ ಇದಕ್ಕೆ "ಗೋಸ್ಟ್ ಡೋಪ್" ಅನ್ನುವ ಹೆಸರಿದೆ ಅಂತ ಆಮೇಲೆ ಗೊತ್ತಾಯಿತು. ದೆವ್ವದ ಸರಕು.

ನಮ್ಮಲ್ಲಿ ಒಬ್ಬಾಕೆ ಕೇಳಿದಳು: "ಎಂಟಾದರೇನು, ಒಂಬತ್ತಾದರೇನು? ಎರಡೂ ಜಾಸ್ತಿಯೇ. ಅಪರಾಧಿ ಅಂತ ಆಗಲೇ ಹೇಳಿದ್ದೇವಲ್ಲ." ಗಡಿಯಾರದಲ್ಲಿ ಆರೂವರೆ. ಹೊರಗೆ ಕತ್ತಲಾಗುತ್ತಿತ್ತು. ಸಾಕ್ಷಿ ಮೊದಲು ಹೇಳಿದ್ದು ಒಂಬತ್ತು ಹತ್ತು ತಾನೇ, ಎಂಟು ಅಂದಿದ್ದು ವಕೀಲರು ಒತ್ತಿದ ಮೇಲೆ ತಾನೇ ಅಂತ ಯಾರೋ ಅಂದರು. ನನಗೂ ಅದು ಸರಿ ಅನ್ನಿಸಿತು. ಈ ಎರಡನೇ ಪುಟ ಯಾವುದೋ ದಾಖಲೆಗೆ ಬೇಕಾದ ವಿವರ ಅಂದುಕೊಂಡಿದ್ದೆ. ಶಿಕ್ಷೆಯ ಬಗ್ಗೆ ಯೋಚಿಸಬೇಡಿ, ಅದು ಜಡ್ಜ್ ಕೆಲಸ ಅಂತ ಸೂಚನೆಯಲ್ಲೇ ಇತ್ತು. ಇಪ್ಪತ್ತು ನಿಮಿಷದಲ್ಲಿ ಮೊದಲನೇ ಗೆರೆಯ ಮೇಲೆ ಗುರುತು ಹಾಕಿ ಮುಗಿಸಿದೆವು.

ತೀರ್ಪು ಓದಿದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದರು, ಇದು ನಿಮ್ಮ ತೀರ್ಪೇ? ನಾನು ಹೌದು ಅಂದೆ. ಅಲ್ಲಿಯವರೆಗೆ ಅವಳು ಜಾಮೀನಿನ ಮೇಲೆ ಮನೆಯಿಂದ ಓಡಾಡುತ್ತಿದ್ದಳು. ಇಂಥ ಕೇಸಿನಲ್ಲಿ ಅಪರಾಧಿ ಅಂತಾದರೆ, ತೀರ ಅಪರೂಪದ ಸಂದರ್ಭ ಬಿಟ್ಟರೆ, ಅಲ್ಲಿಂದಲೇ ಒಳಗೆ ಕಳಿಸಬೇಕು ಅಂತ ಕಾನೂನು. ಇಬ್ಬರು ಮಾರ್ಷಲ್‌ಗಳು ಹಿಂದೆ ಬಂದು ನಿಂತರು. ಅವಳು ಕಿವಿಯ ಓಲೆ ಬಿಚ್ಚಿ ವಕೀಲರ ಕೈಗೆ ಕೊಟ್ಟಳು. ಅವರು ಅದನ್ನು ಹಿಂದೆ ಕೂತಿದ್ದ ಅವಳ ತಾಯಿಗೆ ಕೊಟ್ಟರು. ಆ ತಾಯಿ ನಾಲ್ಕೂ ದಿನ ಅದೇ ಜಾಗದಲ್ಲಿ ಕೂತಿದ್ದರು. ಓಲೆಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು, ನಮ್ಮೂರ ಅಜ್ಜಿಯರು ಸೆರಗಿನ ತುದಿಗೆ ದುಡ್ಡು ಗಂಟು ಹಾಕುವ ಹಾಗೆ.

ಅವತ್ತು ರಾತ್ರಿ ಹುಡುಕಿದೆ. ಹುಡುಕಲು ಈಗ ಅಡ್ಡಿ ಇರಲಿಲ್ಲ.

500 ಗ್ರಾಂ ಮೆಥ್ ಮಿಶ್ರಣ ದಾಟಿದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಜೀವಾವಧಿ. 50 ದಾಟಿದರೆ ಕನಿಷ್ಠ ಐದು, ಗರಿಷ್ಠ ನಲವತ್ತು. ಹೆರಾಯಿನ್ ಆದರೆ ಹತ್ತು ವರ್ಷದ ಗೆರೆ ಒಂದು ಕಿಲೋ. ಕೊಕೇನ್ ಆದರೆ ಐದು ಕಿಲೋ. ಫೆಂಟನಿಲ್ 400 ಗ್ರಾಂ. ಒಳಸಂಚಿಗೂ ಮಾರಿದವನಿಗೂ ಒಂದೇ ಅಳತೆ. ಇದನ್ನು ಮ್ಯಾಂಡೇಟರಿ ಮಿನಿಮಮ್ ಅನ್ನುತ್ತಾರೆ. ಒಂದೆರಡು ವಿನಾಯಿತಿ ಬಿಟ್ಟರೆ ಜಡ್ಜ್ ಕೂಡ ಅದರ ಕೆಳಗೆ ಇಳಿಯುವಂತಿಲ್ಲ. ಫೆಡರಲ್ ಜೈಲಿನಲ್ಲಿ ಪೆರೋಲ್, ಅಂದರೆ ಷರತ್ತಿನ ಮೇಲೆ ಅವಧಿಗೆ ಮುಂಚೆ ಬಿಡುವುದು, ಇಲ್ಲ. 1984ರ ಕಾನೂನು ಅದನ್ನು ತೆಗೆದುಹಾಕಿತು. ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಳೆಯಬಹುದು.

ನಮ್ಮ ಫಾರಂನಲ್ಲಿ ಆ ಪ್ರಶ್ನೆ ಯಾಕಿತ್ತು ಅನ್ನುವುದೂ ಸಿಕ್ಕಿತು. ಕನಿಷ್ಠ ಶಿಕ್ಷೆಯನ್ನು ಏರಿಸುವ ಯಾವ ಸಂಗತಿಯನ್ನಾದರೂ ಜ್ಯೂರಿಯೇ ಸಂಶಯವಿಲ್ಲದೆ ತೀರ್ಮಾನಿಸಬೇಕು ಅಂತ 2013ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಅಲೇನ್ ಪ್ರಕರಣದಲ್ಲಿ ಹೇಳಿತು. ಆರೋಪಿಯ ರಕ್ಷಣೆಗೆ ಅಂತ ಬಂದ ನಿಯಮ ಅದು. ಆದರೆ ಗೆರೆಯ ಆಚೆ ಏನಿದೆ ಅಂತ ಜ್ಯೂರಿಗೆ ಹೇಳುವಂತಿಲ್ಲ. ನಾವು ಹನ್ನೆರಡು ಜನ ಇಪ್ಪತ್ತು ನಿಮಿಷದಲ್ಲಿ ಮಾಡಿದ್ದು ಶಿಕ್ಷೆ ಕೊಡುವ ಕೆಲಸವೇ ಆಗಿತ್ತು. ಅದು ನಮಗೆ ಗೊತ್ತಿರಲಿಲ್ಲ ಅಷ್ಟೇ.

ಈ ಕನಿಷ್ಠ ಶಿಕ್ಷೆಗಳು ಹುಟ್ಟಿದ ಕಥೆ ಓದಿ ಇನ್ನೂ ಬೇಜಾರಾಯಿತು. 1986ರ ಜೂನ್‌ನಲ್ಲಿ ಲೆನ್ ಬಯಾಸ್ ಅನ್ನುವ ಬಾಸ್ಕೆಟ್‌ಬಾಲ್ ಹುಡುಗ ಕೊಕೇನ್‌ನಿಂದ ಸತ್ತ. ಬಾಸ್ಟನ್ ಸೆಲ್ಟಿಕ್ಸ್ ತಂಡ ಅವನನ್ನು ಆರಿಸಿ ಎರಡೇ ದಿನ ಆಗಿತ್ತು. ದೇಶವೇ ಬೆಚ್ಚಿತು. ಚುನಾವಣೆ ಹತ್ತಿರವಿತ್ತು. ಅಕ್ಟೋಬರ್ ಹೊತ್ತಿಗೆ ಕಾನೂನು ಸಿದ್ಧ. ದೊಡ್ಡ ವ್ಯಾಪಾರಿಗಳಿಗೆ ಹತ್ತು ವರ್ಷ, ಮಧ್ಯದವರಿಗೆ ಐದು ಅನ್ನುವುದು ಅದರ ಉದ್ದೇಶ. ಯಾರು ದೊಡ್ಡವರು ಅಂತ ತಿಳಿಯಲು ತೂಕವನ್ನೇ ಅಳತೆ ಮಾಡಿಕೊಂಡರು. 1988ರಲ್ಲಿ ಆ ಕನಿಷ್ಠ ಶಿಕ್ಷೆಯನ್ನು ಒಳಸಂಚಿಗೂ ಹಚ್ಚಿದರು. ಅಲ್ಲಿಂದ ಮುಂದೆ ಕಾರು ಓಡಿಸಿದವಳಿಗೂ ಸರಕಿನ ಯಜಮಾನನಿಗೂ ಒಂದೇ ತಕ್ಕಡಿ.

ತೂಕದ ವಿಷಯ ಬಂದರೆ ನನಗೆ ಅಪ್ಪ ನೆನಪಾಗುತ್ತಾರೆ. ತಿಪಟೂರಿನಲ್ಲಿ ಅವರಿಗೆ ಕೊಬ್ಬರಿ ಮಂಡಿ ಇತ್ತು. ಗೋಣಿಚೀಲದ ಸಮೇತ ತೂಗಿ ಚೀಲದ ತೂಕ ಕಳೆಯುತ್ತಿದ್ದರು. ಕಳೆಯದಿದ್ದರೆ ಹರಾಜಿನ ಕಟ್ಟೆಯಲ್ಲೇ ಜಗಳ. "ಚೀಲದ ತೂಕಕ್ಕೆ ಯಾರೂ ದುಡ್ಡು ಕೊಡಬಾರದು" ಅನ್ನುತ್ತಿದ್ದರು. ಈ ಕಾನೂನಿನಲ್ಲಿ ಚೀಲ ಕಳೆಯುವ ಪದ್ಧತಿ ಇಲ್ಲ. ಸ್ವಲ್ಪ ಮೆಥ್, ಬಾಕಿ ಬೇರೆ ಪುಡಿ ಇದ್ದರೂ ಪೂರ್ತಿ ಮಿಶ್ರಣದ ತೂಕವೇ ಲೆಕ್ಕ. ತದ್ವಿರುದ್ಧವಾಗಿ, ಶುದ್ಧ ಮೆಥ್ ಆದರೆ ಹತ್ತು ವರ್ಷಕ್ಕೆ 50 ಗ್ರಾಮೇ ಸಾಕು.

ತುಮಕೂರಿನಲ್ಲಿ ವಕೀಲನಾಗಿರುವ ನನ್ನ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. ಅವನು ಹೇಳಿದ, "ನಮ್ಮಲ್ಲಿ ಬೇರೆ ಏನೂ ಇಲ್ಲ ಕಣೇ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕಮರ್ಷಿಯಲ್ ಕ್ವಾಂಟಿಟಿ ಅಂತಿದೆ. ಹೆರಾಯಿನ್ 250 ಗ್ರಾಂ ದಾಟಿದರೆ, ಗಾಂಜಾ 20 ಕಿಲೋ ದಾಟಿದರೆ, ಕನಿಷ್ಠ ಹತ್ತು ವರ್ಷ. ಒಳಸಂಚಿಗೂ ಅದೇ ಶಿಕ್ಷೆ. ಜಾಮೀನು ಸಿಗುವುದೇ ಕಷ್ಟ." ಚೀಲದ ತೂಕ ಕಳೆಯುತ್ತಾರಾ ಅಂತ ಕೇಳಿದೆ. ಶುದ್ಧ ವಸ್ತುವಿನ ತೂಕ ಮಾತ್ರ ನೋಡಬೇಕು ಅಂತ 2008ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತ್ತಂತೆ. 2020ರಲ್ಲಿ ಅದನ್ನು ಬದಲಿಸಿ, ಮಿಶ್ರಣದ ಪೂರ್ತಿ ತೂಕವೇ ಲೆಕ್ಕ ಅಂದಿತಂತೆ. ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಊರಾದರೂ ಬೇರೆ ಥರ ಇರಬಹುದು ಅಂದುಕೊಂಡಿದ್ದೆ.

ಶಿಕ್ಷೆ ಹೇಳುವ ದಿನ 2025ರ ಫೆಬ್ರವರಿಯಲ್ಲಿ ಬಂತು. ಅದು ಎಲ್ಲರಿಗೂ ತೆರೆದಿರುವ ಕಲಾಪ, ಯಾರು ಬೇಕಾದರೂ ಹೋಗಿ ಕೂರಬಹುದು. ಬರಬೇಕಾದ ಅಗತ್ಯ ನನಗೆ ಇರಲಿಲ್ಲ. ಆದರೆ ಮನೆಯಲ್ಲಿ ಕೂರಲು ಆಗಲಿಲ್ಲ. ಆಫೀಸಿಗೆ ರಜೆ ಹಾಕಿ, ಹಿಮದಲ್ಲಿ ನಿಧಾನಕ್ಕೆ ಗಾಡಿ ಓಡಿಸಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಬಸ್ ಡ್ರೈವರ್ ಕೂಡ ಬಂದಿದ್ದರು. ನಾವು ಮಾತಾಡಿಕೊಂಡು ಬಂದಿರಲಿಲ್ಲ. ಅವರು ತಲೆ ಆಡಿಸಿ ನನ್ನ ಪಕ್ಕ ಬಂದು ಕೂತರು.

ಈ ನಾಲ್ಕು ತಿಂಗಳಲ್ಲಿ ಪ್ರೊಬೇಷನ್ ಅಧಿಕಾರಿಯೊಬ್ಬರು ಅವಳ ಇಡೀ ಬದುಕಿನ ವರದಿ ಬರೆದಿದ್ದರು. ಬಾಲ್ಯ, ಓದು, ಆರೋಗ್ಯ, ಸಾಲ, ಹಳೇ ಕೇಸು, ಎಲ್ಲ. ವಕೀಲರು ಅದನ್ನು ಪಿಎಸ್ಆರ್ ಅನ್ನುತ್ತಾರೆ. ವರದಿ ಗುಟ್ಟಿನದು, ನಮಗೆ ಸಿಗುವುದಿಲ್ಲ. ಅದರ ಮೇಲಿನ ವಾದ ಮಾತ್ರ ಕೇಳಿಸಿತು. ಶಿಕ್ಷೆಗೆ ಒಂದು ದೊಡ್ಡ ಕೋಷ್ಟಕ ಇದೆ. ಮೇಲಿನಿಂದ ಕೆಳಕ್ಕೆ ಅಪರಾಧದ ತೂಕದ 43 ಮೆಟ್ಟಿಲು, ಅಡ್ಡಕ್ಕೆ ಹಳೇ ಅಪರಾಧಗಳ ಆರು ಅಂಕಣ. ಎರಡೂ ಸೇರುವ ಚೌಕದಲ್ಲಿ ತಿಂಗಳುಗಳ ಸಂಖ್ಯೆ. 2005ರಿಂದ ಈಚೆಗೆ ಈ ಕೋಷ್ಟಕ ಸಲಹೆ ಮಾತ್ರ, ಜಡ್ಜ್ ಅದನ್ನು ಬಿಟ್ಟು ಹೋಗಬಹುದು. ಸರ್ಕಾರಿ ವಕೀಲರು ಶುದ್ಧ ಮೆಥ್ ಲೆಕ್ಕ ಹಿಡಿದು 34ನೇ ಮೆಟ್ಟಿಲು ಅಂದರು. ಅವಳ ಅಂಕಣ ಎರಡನೆಯದು. ಅಂದರೆ 168ರಿಂದ 210 ತಿಂಗಳು. ಈ ಶುದ್ಧ-ಮಿಶ್ರಣದ ವ್ಯತ್ಯಾಸವನ್ನು ತಾನು ಒಪ್ಪುವುದಿಲ್ಲ, ಈಗ ಬೀದಿಯಲ್ಲಿ ಸಿಗುವ ಮೆಥ್ ಎಲ್ಲವೂ ಶುದ್ಧವೇ, ಶುದ್ಧತೆಯಿಂದ ಯಾರು ದೊಡ್ಡವರು ಅಂತ ಗೊತ್ತಾಗುವುದಿಲ್ಲ ಅಂತ ಜಡ್ಜ್ ಹೇಳಿದರು. ಮಿಶ್ರಣದ ಲೆಕ್ಕದಲ್ಲಿ 30ನೇ ಮೆಟ್ಟಿಲಿಗೆ ಇಳಿಸಿದರು. 108ರಿಂದ 135. ನನ್ನ ಎದೆ ಸ್ವಲ್ಪ ಹಗುರಾಯಿತು. ಮರುಕ್ಷಣವೇ ಅವರು ಅಂದರು, "ಆದರೆ ಜ್ಯೂರಿಯ ತೀರ್ಮಾನದಿಂದಾಗಿ ನನ್ನ ನೆಲ 120."

ಆ ನೆಲದ ಕೆಳಗೆ ಇಳಿಯಲು ಎರಡೇ ಬಾಗಿಲು. ಒಂದು, ಬೇರೆಯವರನ್ನು ಹಿಡಿದುಕೊಡಲು ಸರ್ಕಾರಕ್ಕೆ ನೆರವಾಗಿ, ಸರ್ಕಾರವೇ ಜಡ್ಜ್ ಮುಂದೆ ಅರ್ಜಿ ಹಾಕುವುದು. ಇವಳ ಹತ್ತಿರ ಕೊಡಲು ಏನಿತ್ತು? ಅವಳಿಗಿಂತ ಮೇಲಿನವನು ಆಗಲೇ ಸಾಕ್ಷಿ ಹೇಳಿ ಆಗಿತ್ತು. ಅವನಿಗೆ ಏಳು ವರ್ಷ ಆಯಿತು ಅಂತ ಅವಳ ವಕೀಲರು ಅವತ್ತು ಹೇಳಿದರು. ಕಿಲೋಗಟ್ಟಲೆ ಮಾರಿದವನಿಗೆ ಏಳು. ಅದನ್ನು ಕೇಳಿ ಡ್ರೈವರ್ ನನ್ನ ಕಡೆ ತಿರುಗಿ ನೋಡಿದರು. ನಾನು ತಲೆ ಎತ್ತಲಿಲ್ಲ.

ಇನ್ನೊಂದು ಬಾಗಿಲಿಗೆ ಸೇಫ್ಟಿ ವಾಲ್ವ್ ಅಂತ ಹೆಸರು. ಪ್ರೆಶರ್ ಕುಕ್ಕರಿನದೇ ಹೆಸರು, ಕೆಲಸವೂ ಅದೇ. 1994ರಲ್ಲಿ ಬಂದದ್ದು. ಹಿಂಸೆ ಇಲ್ಲದ, ಬಂದೂಕು ಇಲ್ಲದ, ಗುಂಪಿನ ನಾಯಕರಲ್ಲದವರು ತಮಗೆ ಗೊತ್ತಿದ್ದನ್ನೆಲ್ಲ ಸತ್ಯವಾಗಿ ಹೇಳಿದರೆ, ಜಡ್ಜ್ ಕನಿಷ್ಠಕ್ಕಿಂತ ಕೆಳಗೆ ಹೋಗಬಹುದು. 2018ರ ಫಸ್ಟ್ ಸ್ಟೆಪ್ ಆಕ್ಟ್ ಅನ್ನುವ ಕಾನೂನು ಈ ಬಾಗಿಲನ್ನು ಹಿಗ್ಗಿಸಿತು. ಹಳೇ ಅಪರಾಧಗಳ ಬಗ್ಗೆ ಮೂರು ಷರತ್ತು ಹಾಕಿ, ಮಧ್ಯೆ "ಮತ್ತು" ಅನ್ನುವ ಪದ ಇಟ್ಟಿತು. ಮೂರೂ ಇದ್ದವರು ಮಾತ್ರ ಹೊರಗೆ ಉಳಿಯುತ್ತಾರೋ, ಒಂದಿದ್ದರೂ ಹೊರಗೋ? ಪಲ್ಸಿಫರ್ ಅನ್ನುವ ಆ ಪ್ರಕರಣ ನಮ್ಮ ಅಯೋವಾದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2024ರ ಮಾರ್ಚ್‌ನಲ್ಲಿ ಆರು-ಮೂರರ ತೀರ್ಪು ಬಂತು: ಒಂದಿದ್ದರೂ ಹೊರಗೆ. ನಮ್ಮ ವಿಚಾರಣೆಗೆ ಏಳು ತಿಂಗಳ ಮುಂಚೆ.

ಅವಳಿಗೆ ಒಂದಿತ್ತು. ಎಂಟು ವರ್ಷದ ಹಿಂದೆ ಕಳ್ಳ ಚೆಕ್ಕುಗಳ ಕೇಸಿನಲ್ಲಿ ರಾಜ್ಯದ ಕೋರ್ಟು ಹದಿನೆಂಟು ತಿಂಗಳ ಶಿಕ್ಷೆ ಕೊಟ್ಟಿತ್ತು. ಹದಿಮೂರು ತಿಂಗಳು ಮೀರಿದ ಹಳೇ ಶಿಕ್ಷೆಗೆ ಆ ಕೋಷ್ಟಕದ ಲೆಕ್ಕದಲ್ಲಿ ಮೂರು ಅಂಕ. ಆ ಮೂರು ಅಂಕ ಬಾಗಿಲು ಮುಚ್ಚಿತು. ಸುಪ್ರೀಂ ಕೋರ್ಟಿನ ಆ ತೀರ್ಪಿಗೆ ಮುಂಚೆ ಆಗಿದ್ದರೆ ವಾದ ಮಾಡಲಾದರೂ ಜಾಗ ಇರುತ್ತಿತ್ತು ಅಂದರು ವಕೀಲರು.

ಇನ್ನೂ ಒಂದು ಮಾತು ಅವರು ದಾಖಲೆಗೆ ಸೇರಿಸಿದರು. ವಿಚಾರಣೆಗೆ ಮುಂಚೆ ಸರ್ಕಾರ ಐದು ವರ್ಷದ ಗೆರೆಯ ಕೆಳಗೆ ತಪ್ಪೊಪ್ಪಿಕೊಳ್ಳಲು ಅವಕಾಶ ಕೊಟ್ಟಿತ್ತಂತೆ. ಅವಳು ಬೇಡ ಅಂದಳಂತೆ. ತಾನು ಮಾರಿದವಳಲ್ಲ, ಜ್ಯೂರಿಗೆ ಅದು ಅರ್ಥವಾಗುತ್ತದೆ ಅಂತ. ನಮ್ಮ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದಳು. ಫೆಡರಲ್ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನ ವಿಚಾರಣೆಯೇ ಬೇಡ ಅಂತ ತಪ್ಪೊಪ್ಪಿಕೊಳ್ಳುವುದು ಯಾಕೆ ಅಂತ ಆ ಬೆಂಚಿನಲ್ಲಿ ಕೂತು ನನಗೆ ಅರ್ಥವಾಯಿತು.

ಕೊನೆಗೆ ಅವಳಿಗೆ ಮಾತಾಡಲು ಹೇಳಿದರು. ಕಾಗದದಲ್ಲಿ ಬರೆದುಕೊಂಡು ಬಂದಿದ್ದಳು. ಕೈ ನಡುಗಿ ಓದಲು ಆಗಲಿಲ್ಲ, ಮಡಚಿಟ್ಟಳು. "ನಾನು ಓಡಿಸಿದೆ. ಗೊತ್ತಿದ್ದೇ ಓಡಿಸಿದೆ. ಆ ಪುಡಿ ಯಾರ ಮನೆಗೆ ಹೋಯಿತು ಅಂತ ಆಗ ಯೋಚಿಸಲಿಲ್ಲ. ಈಗ ದಿನಾ ಯೋಚಿಸುತ್ತೇನೆ" ಅಂದಳು. ಮಕ್ಕಳ ಹೆಸರು ಹೇಳಲು ಹೋಗಿ ನಿಲ್ಲಿಸಿಬಿಟ್ಟಳು.

ಜಡ್ಜ್ 120 ತಿಂಗಳು ಅಂದರು. ಬಿಡುಗಡೆಯ ನಂತರ ಐದು ವರ್ಷ ನಿಗಾ. ದಂಡ ಇಲ್ಲ, ಕಡ್ಡಾಯದ 100 ಡಾಲರ್ ಮಾತ್ರ. ಮನೆಗೆ ಹತ್ತಿರದ ಜೈಲಿಗೆ ಶಿಫಾರಸು ಮಾಡುತ್ತೇನೆ, ತೀರ್ಮಾನ ಜೈಲು ಇಲಾಖೆಯದು. ಮೇಲ್ಮನವಿಗೆ ಹದಿನಾಲ್ಕು ದಿನ. ಈ ಸಂಖ್ಯೆ ನನ್ನ ಆಯ್ಕೆಯಾಗಿದ್ದರೆ ಇದಕ್ಕಿಂತ ಕಡಿಮೆ ಇರುತ್ತಿತ್ತು ಅಂತಲೂ ಹೇಳಿದರು. ಅವರ ದನಿಯಲ್ಲಿ ದಣಿವಿತ್ತು. ನಾವು ಎರಡನೇ ಗೆರೆಯ ಮೇಲೆ ಗುರುತು ಹಾಕಿದ್ದರೆ ಅವರ ನೆಲ 60 ಆಗಿರುತ್ತಿತ್ತು.

ಹೊರಗೆ ಬಂದು ಡ್ರೈವರ್ ಮತ್ತು ನಾನು ಪಾರ್ಕಿಂಗ್ ಜಾಗದಲ್ಲಿ ನಿಂತೆವು. ಅವರು ಕೇಳಿದರು, "ಗೊತ್ತಿದ್ದಿದ್ದರೆ ಎಂಟು ಅಂತ ಹಾಕುತ್ತಿದ್ದಿರಾ?" ನಾನು ಇದನ್ನು ಎಷ್ಟೋ ರಾತ್ರಿ ಯೋಚಿಸಿದ್ದೆ. ಹೌದು ಅಂದೆ. ಕನಿಕರಕ್ಕೆ ಸುಳ್ಳು ಹೇಳುತ್ತಿದ್ದೆ ಅಂತಲ್ಲ. ಎಂಟೂ ಇರಬಹುದು ಅಂತ ಸಾಕ್ಷಿಯೇ ಹೇಳಿದ್ದ. ಅಲ್ಲೇ ಸಂಶಯ ಇತ್ತು. ಅದರ ಬೆಲೆ ಗೊತ್ತಿದ್ದರೆ ಆ ಸಂಶಯದ ಹತ್ತಿರ ಇಪ್ಪತ್ತು ನಿಮಿಷ ಅಲ್ಲ, ಎರಡು ದಿನ ಕೂರುತ್ತಿದ್ದೆವು. ಒಂದು ಗುರುತಿನ ಹಿಂದೆ ಎಷ್ಟು ವರ್ಷ ಇದೆ ಅಂತ ಅದನ್ನು ಹಾಕುವವರಿಗೆ ತಿಳಿಸಬೇಕು. ಜಡ್ಜ್‌ಗೆ ಗೊತ್ತು, ಎರಡೂ ಕಡೆಯ ವಕೀಲರಿಗೆ ಗೊತ್ತು, ಕಿತ್ತಳೆ ಬಟ್ಟೆಯ ಸಾಕ್ಷಿಗೂ ಗೊತ್ತು. ಕೋರ್ಟಿನಲ್ಲಿ ಗೊತ್ತಿಲ್ಲದವರು ನಾವು ಹನ್ನೆರಡು ಜನ ಮಾತ್ರ.

ಇದನ್ನೇ ಬರೆದು ನಮ್ಮ ರಾಜ್ಯದ ಸೆನೆಟರ್ ಚಕ್ ಗ್ರಾಸ್ಲಿ ಅವರಿಗೆ ಕಳಿಸಿದ್ದೇನೆ. 2018ರ ಫಸ್ಟ್ ಸ್ಟೆಪ್ ಆಕ್ಟ್ ಸೆನೆಟ್‌ನಲ್ಲಿ ದಾಟಲು ದುಡಿದವರಲ್ಲಿ ಅವರೂ ಒಬ್ಬರು. ಬೋರ್ಡಿನ ಮೇಲೆ ಬರೆದ ಎರಡೂ ಲೆಕ್ಕವನ್ನು ಪತ್ರದಲ್ಲಿ ಹಾಕಿದೆ. 488, 544.

ಫೆಡರಲ್ ಜೈಲು ಇಲಾಖೆಯ ಜಾಲತಾಣದಲ್ಲಿ ಯಾವ ಕೈದಿ ಎಲ್ಲಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದು. ಹೆಸರು, ವಯಸ್ಸು, ಜೈಲು, ಬಿಡುಗಡೆಯ ಅಂದಾಜು ದಿನಾಂಕ ಇರುತ್ತದೆ. ಏಪ್ರಿಲ್‌ನಲ್ಲಿ ನೋಡಿದಾಗ ಅವಳು ಮಿನೆಸೋಟಾದ ವಸೀಕಾ ಜೈಲಿಗೆ ಬಂದಿದ್ದಳು. ಬಿಡುಗಡೆ 2033. ವಿಚಾರಣೆಯಲ್ಲಿ ಒಂದು ಮೆಸೇಜು ತೋರಿಸಿದ್ದರು, ಚಿಕ್ಕವನ ಶಾಲೆಯ ಮೊದಲ ದಿನದ ಬಗ್ಗೆ. ಆಗ ಅವನಿಗೆ ಐದು. ನಮ್ಮ ಮನೆಯಿಂದ ವಸೀಕಾಗೆ ಎಷ್ಟು ದೂರ ಅಂತ ಮ್ಯಾಪಿನಲ್ಲಿ ನೋಡಿದೆ. ಅವಳ ತಾಯಿ ಆ ವಯಸ್ಸಿನಲ್ಲಿ, ಚಳಿಗಾಲದಲ್ಲಿ, ಇಬ್ಬರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಅಷ್ಟು ದೂರ ಓಡಿಸುತ್ತಾರಾ ಅಂತ ಯೋಚಿಸುತ್ತಾ ಕೂತಿದ್ದೆ.